ಫ್ಲೋರಿಡಾ ಗೇಟರ್ಸ್ ಕಪ್ ಎತ್ತಿದ ಲೆಕ್ಕಾಚಾರ: ಬಿಡಿ ಆಟಗಾರರನ್ನು ಕೂಡಿಸಿ ತಂಡ ಕಟ್ಟಿದ ಬಗೆ

ನಲವತ್ತು ನಿಮಿಷದ ಪಂದ್ಯದಲ್ಲಿ ಎಲ್ಲ ಸೇರಿ 64 ಸೆಕೆಂಡ್ ಮಾತ್ರ ಮುಂದಿದ್ದ ತಂಡವೊಂದು ರಾಷ್ಟ್ರೀಯ ಚಾಂಪಿಯನ್ ಆಯಿತು. 2025ರ ಏಪ್ರಿಲ್ 7ರ ರಾತ್ರಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಅಲಾಮೋಡೋಮ್‌ನಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಗೇಟರ್ಸ್ ತಂಡ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿತು. ನಮ್ಮಲ್ಲಿ ಆಗ 8ನೇ ತಾರೀಖಿನ ಬೆಳಗ್ಗೆ. ಅಮೆರಿಕದ ಕಾಲೇಜು ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ಲೋರಿಡಾಕ್ಕೆ ಇದು ಮೂರನೇ ಪ್ರಶಸ್ತಿ. ಮೊದಲೆರಡು 2006 ಮತ್ತು 2007ರಲ್ಲಿ, ಬಿಲ್ಲಿ ಡೊನೊವನ್ ಕೋಚ್ ಆಗಿದ್ದಾಗ ಬಂದಿದ್ದವು.

ಈ ಗೆಲುವಿಗೆ ಎರಡು ಕಾರಣಗಳನ್ನು ಹೇಳುವುದು ರೂಢಿಯಾಗಿದೆ. ವಾಲ್ಟರ್ ಕ್ಲೇಟನ್ ಜೂನಿಯರ್ ಎಂಬ ಗಾರ್ಡ್ (ಹೊರಗಿನಿಂದ ಚೆಂಡು ನಡೆಸುವ ಆಟಗಾರ) ಒಬ್ಬನೇ ತಂಡವನ್ನು ದಡ ಸೇರಿಸಿದ ಎನ್ನುವುದು ಒಂದು. ಈಗ ಕಾಲೇಜು ಆಟವೆಲ್ಲ ದುಡ್ಡಿನ ಮೇಲೆ ನಿಂತಿದೆ, ದುಡ್ಡಿದ್ದವರು ಆಟಗಾರರನ್ನು ಕೊಂಡು ಗೆಲ್ಲುತ್ತಾರೆ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧರ್ಧ ನಿಜವಿದೆ. ಆದರೆ ಆ ತಂಡದಲ್ಲಿ ಯಾರು ಎಲ್ಲಿಂದ ಬಂದರು, ಯಾವ ವರ್ಷ ಬಂದರು, ಬಂದು ಯಾವ ಕೆಲಸ ಮಾಡಿದರು ಎಂದು ಒಂದೊಂದಾಗಿ ಬಿಡಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಫ್ಲೋರಿಡಾ ದುಬಾರಿ ಹೆಸರುಗಳ ಹಿಂದೆ ಹೋಗಲಿಲ್ಲ. ಸಣ್ಣ ಕಾಲೇಜುಗಳಲ್ಲಿ ಚೆನ್ನಾಗಿ ಆಡುತ್ತಿದ್ದವರನ್ನು ಆರಿಸಿ ತಂದು, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಟ್ಟು, ಮುಖ್ಯರಾದವರನ್ನು ಎರಡು ಮೂರು ವರ್ಷ ಹಿಡಿದಿಟ್ಟುಕೊಂಡಿತು. ಆ ದಾರಿ ತೆರೆದದ್ದು ಕೆಲವು ವರ್ಷಗಳ ವಿಶೇಷ ನಿಯಮಗಳಿಂದ. ಆ ನಿಯಮಗಳು ಈಗ ಬದಲಾಗಿರುವುದರಿಂದಲೇ ಈ ಸೀಸನ್ನನ್ನು ಕೂತು ನೋಡಬೇಕು.

ಮೊದಲು ಆಟದ ಕಟ್ಟುಪಾಡು, ಚುಟುಕಾಗಿ. ನಮ್ಮಲ್ಲಿ ಆಡುವ ಫಿಬಾ ನಿಯಮದಲ್ಲಿ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಪ್ರತಿ ದಾಳಿಗೆ 24 ಸೆಕೆಂಡ್. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ ಇಪ್ಪತ್ತು ನಿಮಿಷದ ಎರಡು ಅರ್ಧ, ಪ್ರತಿ ದಾಳಿಗೆ 30 ಸೆಕೆಂಡ್. ಐದು ಫೌಲ್ ಆದರೆ ಆಟಗಾರ ಹೊರಗೆ. ಎದುರಾಳಿ ತಂಡ ಒಂದು ಅರ್ಧದಲ್ಲಿ ಏಳನೇ ಫೌಲ್ ಮಾಡಿದ ಮೇಲೆ ಫ್ರೀ ಥ್ರೋ ಸಿಗುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಮೊದಲನೆಯದು ಬಿದ್ದರಷ್ಟೇ ಎರಡನೆಯದು. ಹತ್ತನೇ ಫೌಲಿನಿಂದ ನೇರವಾಗಿ ಎರಡು. ಈ ಷರತ್ತಿನ ಫ್ರೀ ಥ್ರೋ ಕಾಲೇಜು ಆಟದಲ್ಲಿ ಎಷ್ಟೋ ಪಂದ್ಯಗಳನ್ನು ತಲೆಕೆಳಗು ಮಾಡಿದೆ. ನೂರಕ್ಕೆ ಎಪ್ಪತ್ತು ಹಾಕುವವನಿಗೆ ನೇರ ಎರಡು ಸಿಕ್ಕರೆ ಸರಾಸರಿ 1.4 ಅಂಕ. ಷರತ್ತಿನದಾದರೆ 1.19ಕ್ಕೆ ಇಳಿಯುತ್ತದೆ, ಜೊತೆಗೆ ನೂರಕ್ಕೆ ಮೂವತ್ತು ಸಲ ಏನೂ ದಕ್ಕದೆ ಚೆಂಡು ಎದುರಾಳಿಯ ಕೈ ಸೇರುವ ಅಪಾಯ. ಮುಂದೆ ಇದು ಮತ್ತೆ ಬರುತ್ತದೆ.

ರಾಷ್ಟ್ರೀಯ ಟೂರ್ನಿಗೆ 68 ತಂಡಗಳು. 2025ರಲ್ಲಿ 31 ತಂಡಗಳು ತಮ್ಮ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು) ಗೆದ್ದು ಬಂದವು, 37 ತಂಡಗಳನ್ನು ಸಮಿತಿ ಆರಿಸಿತು. ಒಂದು ಸೋತರೆ ಮನೆಗೆ. ಫ್ಲೋರಿಡಾ ಇರುವುದು ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ, ಅಂದರೆ ಎಸ್‌ಇಸಿಯಲ್ಲಿ. ಆ ವರ್ಷ ಎಸ್‌ಇಸಿಯ 16 ತಂಡಗಳಲ್ಲಿ 14 ಟೂರ್ನಿಗೆ ಹೋದವು. ಅದುವರೆಗಿನ ದಾಖಲೆ 11. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಫ್ಲೋರಿಡಾಕ್ಕೆ ಸುಲಭದ ಪಂದ್ಯ ಎನ್ನುವುದು ಇರಲೇ ಇಲ್ಲ ಎನ್ನಬಹುದು.

ಯಾರು ಎಲ್ಲಿಂದ ಬಂದರು

ಕೋಚ್ ಟಾಡ್ ಗೋಲ್ಡನ್ 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದಿಂದ ಫ್ಲೋರಿಡಾಕ್ಕೆ ಬಂದರು. ಮೊದಲ ವರ್ಷ 16 ಗೆಲುವು, 17 ಸೋಲು. ಎರಡನೇ ವರ್ಷ 24-12, ಟೂರ್ನಿಯ ಮೊದಲ ಸುತ್ತಿನಲ್ಲೇ ಕೊಲರಾಡೊ ಎದುರು 102-100ರಲ್ಲಿ ಸೋಲು. ಮೂರನೇ ವರ್ಷ 36-4 ಮತ್ತು ಕಪ್. ಆಗ ಅವರಿಗೆ 39 ವರ್ಷ. 1983ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್‌ನ ಜಿಮ್ ವಾಲ್ವಾನೊ ಗೆದ್ದ ಮೇಲೆ ಇಷ್ಟು ಕಿರಿಯ ಕೋಚ್ ಯಾರೂ ಈ ಕಪ್ ಎತ್ತಿರಲಿಲ್ಲ.

ಗೋಲ್ಡನ್ ಬೆಳೆದದ್ದು ಎರಡು ಗರಡಿಗಳಲ್ಲಿ. ಆಬರ್ನ್‌ನಲ್ಲಿ ಬ್ರೂಸ್ ಪರ್ಲ್ ಕೈಕೆಳಗೆ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೈಲ್ ಸ್ಮಿತ್ ಕೈಕೆಳಗೆ. ಸ್ಮಿತ್ ಅಂಕಿಅಂಶದ ಮನುಷ್ಯ. ಅಭ್ಯಾಸದ ಹೊತ್ತಿನಲ್ಲೂ ಯಾರು ಸಡಿಲ ಚೆಂಡಿಗೆ ಬಿದ್ದರು, ಯಾರು ಎದುರಾಳಿಯ ಎಸೆತಕ್ಕೆ ಕೈ ಅಡ್ಡ ಹಿಡಿದರು ಎಂಬ ಚಿಲ್ಲರೆ ಕೆಲಸಗಳಿಗೂ ಲೆಕ್ಕ ಇಡಿಸುವವರು. ಗೋಲ್ಡನ್ ಅದನ್ನೇ ಫ್ಲೋರಿಡಾಕ್ಕೆ ತಂದರು.

ಈಗ ತಂಡ. ಮುಂಚೂಣಿಯ ಮೂವರು ಗಾರ್ಡ್‌ಗಳೂ ಬೇರೆ ಕಾಲೇಜಿನಿಂದ ಬಂದವರು. ವಿಲ್ ರಿಚರ್ಡ್ 2022ರಲ್ಲೇ ಬೆಲ್ಮಾಂಟ್‌ನಿಂದ ಬಂದ, ಅಂದರೆ ಗೋಲ್ಡನ್ ಜೊತೆ ಮೂರು ವರ್ಷ. ಕ್ಲೇಟನ್ 2023ರಲ್ಲಿ ಅಯೋನಾದಿಂದ ಬಂದ. ಅಲ್ಲಿ ಅವನ ಕೋಚ್ ಆಗಿದ್ದ ರಿಕ್ ಪಿಟಿನೊ ಸೇಂಟ್ ಜಾನ್ಸ್‌ಗೆ ಹೋದಾಗ ಇವನು ಹಿಂದೆ ಹೋಗದೆ ತನ್ನ ಊರಾದ ಲೇಕ್ ವೇಲ್ಸ್ ಇರುವ ಫ್ಲೋರಿಡಾ ರಾಜ್ಯಕ್ಕೆ ಮರಳಿದ. ಅಲೈಜಾ ಮಾರ್ಟಿನ್ 2024ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಬಂದ. 2023ರಲ್ಲಿ ಆ ಸಣ್ಣ ಕಾಲೇಜನ್ನು ಕೊನೆಯ ನಾಲ್ಕರ ಹಂತಕ್ಕೆ ಒಯ್ದವರಲ್ಲಿ ಇವನೂ ಒಬ್ಬ. ಬೆಲ್ಮಾಂಟ್, ಅಯೋನಾ, ಫ್ಲೋರಿಡಾ ಅಟ್ಲಾಂಟಿಕ್: ಮೂರೂ ದೊಡ್ಡ ಕಾನ್ಫರೆನ್ಸ್‌ಗಳ ಹೊರಗಿನ ಕಾಲೇಜುಗಳು.

ಎತ್ತರದವರ ಕಡೆ ಬಂದರೆ ಕಥೆ ಇನ್ನೂ ಸ್ವಾರಸ್ಯ. ಅಲೆಕ್ಸ್ ಕಾಂಡನ್ ಆಸ್ಟ್ರೇಲಿಯಾದ ಪರ್ತ್ ಹುಡುಗ, 6 ಅಡಿ 11 ಇಂಚು. ಥಾಮಸ್ ಹಾ ಪೆನ್ಸಿಲ್ವೇನಿಯಾದವನು, 6 ಅಡಿ 9 ಇಂಚು. ಇಬ್ಬರನ್ನೂ ಶಾಲೆ ಮುಗಿಸಿದ ಹಾಗೆಯೇ ಫ್ಲೋರಿಡಾ ಸೇರಿಸಿಕೊಂಡಿತ್ತು, ಇಬ್ಬರಿಗೂ ಇದು ಎರಡನೇ ವರ್ಷ. ಶಾಲಾ ದಿನಗಳಲ್ಲಿ ಇಬ್ಬರ ಹೆಸರೂ ದೇಶದ ದೊಡ್ಡ ಪಟ್ಟಿಗಳ ಮೇಲ್ತುದಿಯಲ್ಲಿ ಇರಲಿಲ್ಲ. ನೈಜೀರಿಯಾದ ರೂಬೆನ್ ಚಿನ್ಯೆಲು ವಾಷಿಂಗ್ಟನ್ ಸ್ಟೇಟ್‌ನಿಂದ ಬಂದ. ಅಲ್ಲಿ ಅವನಿಗೆ ಕಲಿಸಿದವರು ಅದೇ ಕೈಲ್ ಸ್ಮಿತ್! ಮೈಕಾ ಹ್ಯಾಂಡ್‌ಲಾಗ್ಟನ್ 7 ಅಡಿ 1 ಇಂಚು, ಮಾರ್ಷಲ್ ಕಾಲೇಜಿನಿಂದ ಬಂದವನು. 2024ರ ಮಾರ್ಚ್‌ನಲ್ಲಿ ಎಸ್‌ಇಸಿ ಫೈನಲ್‌ನಲ್ಲಿ ಕಾಲು ಮುರಿದುಕೊಂಡು, ಇಡೀ ಸೀಸನ್ ಹೊರಗೆ ಕೂತು ಕಾಲೇಜಿನಲ್ಲಿ ಆಡುವ ಅರ್ಹತೆಯ ಒಂದು ವರ್ಷ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದ. 2025ರ ಫೆಬ್ರವರಿಯಲ್ಲಿ ಬುಟ್ಟಿಯ ಕೆಳಗೆ ಆಡುವವರಿಗೆ ಗಾಯದ ಸಮಸ್ಯೆ ಎದ್ದಾಗ ಆ ಯೋಚನೆ ಬಿಟ್ಟು ಅಂಗಳಕ್ಕಿಳಿದ. ಇವರ ಜೊತೆಗೆ ಚಟ್ಟನೂಗದಿಂದ ಬಂದ ಸ್ಯಾಮ್ ಅಲೆಕ್ಸಿಸ್.

ಐದು ಜನ ಎತ್ತರದವರು ಇದ್ದರೆ ಆಗುವ ಲಾಭ ಬರೀ ಎತ್ತರದ್ದಲ್ಲ. ಬುಟ್ಟಿಯ ಕೆಳಗೆ ಕಾಯುವವನಿಗೆ ಫೌಲ್ ಭಯ ಸದಾ ಇರುತ್ತದೆ. ಎರಡು ಫೌಲ್ ಆದೊಡನೆ ಕೋಚ್ ಅವನನ್ನು ಕೂರಿಸಬೇಕಾಗುತ್ತದೆ, ಕೂರಿಸದಿದ್ದರೆ ಅವನೇ ಕೈ ಎತ್ತಲು ಹಿಂಜರಿಯುತ್ತಾನೆ. ನಾಲ್ಕೈದು ಜನ ಸರದಿಯಲ್ಲಿ ಇದ್ದಾಗ ಒಬ್ಬೊಬ್ಬನ ಐದರಂತೆ ಇಪ್ಪತ್ತಕ್ಕೂ ಹೆಚ್ಚು ಫೌಲ್ ಖರ್ಚಿಗೆ ಸಿಗುತ್ತದೆ. ಆಗ ಎಲ್ಲರೂ ಮೈಚಳಿ ಬಿಟ್ಟು ಆಡಬಹುದು. ಕೊನೆಯ ಹತ್ತು ನಿಮಿಷಕ್ಕೆ ದಣಿಯದ ಕಾಲುಗಳೂ ಉಳಿದಿರುತ್ತವೆ.

ಅಂಕ ಬಂದದ್ದು ಎಲ್ಲಿಂದ

ಕಾಲೇಜು ಆಟವನ್ನು ಅಂಕಿಗಳಲ್ಲಿ ನೋಡುವವರು ಪಂದ್ಯದ ಒಟ್ಟು ಅಂಕಕ್ಕಿಂತ ಒಂದು ದಾಳಿಗೆ ಎಷ್ಟು ಅಂಕ ಎಂದು ಕೇಳುತ್ತಾರೆ. ವೇಗವಾಗಿ ಆಡುವ ತಂಡ ಹೆಚ್ಚು ಅಂಕ ಗಳಿಸುವುದು ಸಹಜ, ಅದರಿಂದ ಅದು ಒಳ್ಳೆಯ ತಂಡ ಎಂದಾಗುವುದಿಲ್ಲ. ದಾಳಿಯ ಫಲ ನಾಲ್ಕು ಸಂಗತಿಗಳಿಂದ ತೀರ್ಮಾನವಾಗುತ್ತದೆ: ಎಸೆತದ ಗುಣ, ಚೆಂಡು ಕಳೆದುಕೊಳ್ಳುವ ಪ್ರಮಾಣ, ತಪ್ಪಿದ ಚೆಂಡನ್ನು ಮತ್ತೆ ಹಿಡಿಯುವುದು, ಫ್ರೀ ಥ್ರೋ ಗೆರೆಗೆ ಹೋಗುವುದು. ಎಸೆತದ ಗುಣ ಅಳೆಯುವಾಗ ಮೂರಂಕದ ಬುಟ್ಟಿಗೆ ಒಂದೂವರೆ ತೂಕ. ಹತ್ತರಲ್ಲಿ ನಾಲ್ಕು ಮೂರಂಕದ ಎಸೆತ ಹಾಕಿದವನು 12 ಅಂಕ ತಂದ, ಹತ್ತರಲ್ಲಿ ಐದು ಎರಡಂಕದ್ದು ಹಾಕಿದವನು 10 ತಂದ. ಶೇಕಡಾವಾರು ನೋಡಿದರೆ ಎರಡನೆಯವನು ಮೇಲೆ, ಅಂಕದಲ್ಲಿ ಮೊದಲನೆಯವನು.

ಫ್ಲೋರಿಡಾ ಪಂದ್ಯಕ್ಕೆ ಸರಾಸರಿ 85ರ ಆಸುಪಾಸಿನಲ್ಲಿ ಅಂಕ ಗಳಿಸುತ್ತಿತ್ತು. ಮೂವರು ಗಾರ್ಡ್‌ಗಳೂ ದೂರದಿಂದ ಎಸೆಯಬಲ್ಲವರು, ಮೂವರೂ ಚೆಂಡು ತಟ್ಟಿಕೊಂಡು ಒಳನುಗ್ಗಬಲ್ಲವರು. ಆದರೆ ಆ ತಂಡದ ಗುಟ್ಟು ಇರುವುದು ಮೂರನೇ ಸಂಗತಿಯಲ್ಲಿ, ತಪ್ಪಿದ ಚೆಂಡಿನಲ್ಲಿ. ಮೂರಂಕದ ಎಸೆತ ತಪ್ಪಿದಾಗ ಚೆಂಡು ಬುಟ್ಟಿಯಿಂದ ದೂರಕ್ಕೆ ಚಿಮ್ಮುತ್ತದೆ. ಗಾರ್ಡ್ ಎಸೆಯುವ ಹೊತ್ತಿಗೇ ಕಾಂಡನ್, ಚಿನ್ಯೆಲು, ಹಾ ಇವರಲ್ಲಿ ಇಬ್ಬರು ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ಜಾಗ ಹಿಡಿದಿರುತ್ತಿದ್ದರು. ಚೆಂಡು ಸಿಕ್ಕರೆ ಅಲ್ಲೇ ಹಾಕು, ಇಲ್ಲವಾದರೆ ಹೊರಗೆ ಕೊಟ್ಟು ಮತ್ತೊಂದು ಮೂರಂಕದ ಎಸೆತ.

ಇದರ ಬೆಲೆ ಎಷ್ಟು? ಉದಾಹರಣೆಗೆ ಒಂದು ತಂಡ ಪಂದ್ಯದಲ್ಲಿ 35 ಎಸೆತ ತಪ್ಪಿಸಿತು ಎನ್ನೋಣ. ಅದರಲ್ಲಿ ಕಾಲು ಭಾಗ ಮತ್ತೆ ಹಿಡಿದರೆ 9, ನೂರಕ್ಕೆ 38 ಹಿಡಿದರೆ 13. ನಾಲ್ಕು ದಾಳಿ ಹೆಚ್ಚು ಸಿಕ್ಕಿತು. ದಾಳಿಗೆ 1.1 ಅಂಕ ಎಂದರೂ ನಾಲ್ಕೂವರೆ ಅಂಕದ ಹತ್ತಿರ. ಮಾರ್ಚ್ ತಿಂಗಳಲ್ಲಿ ಎರಡು ಅಂಕದಲ್ಲಿ ಪಂದ್ಯ ಗೆಲ್ಲುವ ತಂಡಕ್ಕೆ ನಾಲ್ಕೂವರೆ ಅಂಕ ಅಂದರೆ ಇಡೀ ಪಂದ್ಯವೇ. ಅಪಾಯವೂ ಇದೆ: ಇಬ್ಬರು ಮೂವರು ಬುಟ್ಟಿಯ ಕೆಳಗೆ ಹೋದ ಮೇಲೆ ಎದುರಾಳಿಗೆ ಚೆಂಡು ಸಿಕ್ಕರೆ ಹಿಂದೆ ಯಾರೂ ಇರುವುದಿಲ್ಲ, ಅವರು ಓಡಿಹೋಗಿ ಸುಲಭದ ಬುಟ್ಟಿ ಹಾಕುತ್ತಾರೆ. ಹೀಗಾಗಿ ಈ ಪದ್ಧತಿ ಹಿಡಿದ ತಂಡಕ್ಕೆ ಎಸೆದ ತಕ್ಷಣ ಹಿಂದಕ್ಕೆ ಓಡುವ ಅಭ್ಯಾಸವಿರುವ ಗಾರ್ಡ್‌ಗಳು ಬೇಕು. ರಿಚರ್ಡ್ ಮತ್ತು ಮಾರ್ಟಿನ್ ಮಾಡುತ್ತಿದ್ದ, ಅಂಕಪಟ್ಟಿಯಲ್ಲಿ ಕಾಣದ ಕೆಲಸ ಇದು.

ಎಡವಿದ್ದು ಎಲ್ಲಿ ಎಂಬುದನ್ನೂ ನೋಡಬೇಕು. ಸೀಸನ್‌ನ ನಾಲ್ಕು ಸೋಲುಗಳೂ ಎಸ್‌ಇಸಿಯೊಳಗೇ: ಕೆಂಟಕಿ ಎದುರು 106-100, ಮಿಸೌರಿ ಎದುರು 83-82, ಟೆನೆಸಿ ಎದುರು 64-44, ಜಾರ್ಜಿಯಾ ಎದುರು 88-83. ಇವುಗಳಲ್ಲಿ ಟೆನೆಸಿಯದು ಬೇರೆ ಜಾತಿ. ಜನವರಿ 7ರಂದು ಆಗ ದೇಶದಲ್ಲಿ ನಂ. 1 ಆಗಿದ್ದ ಟೆನೆಸಿಯನ್ನು ತನ್ನ ಅಂಗಳದಲ್ಲಿ 73-43ರಿಂದ ಮಣ್ಣುಮುಕ್ಕಿಸಿದ್ದ ಫ್ಲೋರಿಡಾ, ಫೆಬ್ರವರಿ 1ರಂದು ಅದೇ ತಂಡದ ಊರಿಗೆ ಹೋಗಿ 44ಕ್ಕೆ ನಿಂತಿತು. 25 ದಿನಗಳಲ್ಲಿ 50 ಅಂಕದ ಏರುಪೇರು. ದೂರದ ಎಸೆತ ನಂಬಿದ ತಂಡದ ಗತಿ ಇದು. ಎಸೆತ ಬೀಳದ ದಿನ ಎದುರಾಳಿ ದೇಹಬಲದಿಂದ ರೀಬೌಂಡನ್ನೂ (ತಪ್ಪಿದ ಚೆಂಡು ಹಿಡಿಯುವುದನ್ನೂ) ತಡೆದರೆ ಬೇರೆ ದಾರಿ ಉಳಿಯುವುದಿಲ್ಲ. ಆದರೂ ಒಂದೇ ವಾರದೊಳಗೆ, ಫೆಬ್ರವರಿ 8ರಂದು, ಆಗಿನ ನಂ. 1 ಆಬರ್ನ್ ತಂಡವನ್ನು ಅದರದೇ ಊರಲ್ಲಿ 90-81ರಿಂದ ಸೋಲಿಸಿತು. ಫೆಬ್ರವರಿ 25ರ ಜಾರ್ಜಿಯಾ ಸೋಲಿನ ನಂತರ ಸತತ 12 ಗೆಲುವು. ಎಸ್‌ಇಸಿ ಫೈನಲ್‌ನಲ್ಲಿ ಮತ್ತೆ ಟೆನೆಸಿ ಸಿಕ್ಕಿತು, ಈ ಸಲ 86-77.

ಆರು ಪಂದ್ಯ, ನಾಲ್ಕು ಗಂಡಾಂತರ

ಟೂರ್ನಿಯಲ್ಲಿ ನಾರ್ಫೋಕ್ ಸ್ಟೇಟ್ (95-69) ಮತ್ತು ಮೇರಿಲ್ಯಾಂಡ್ (87-71) ಪಂದ್ಯಗಳನ್ನು ಬಿಟ್ಟರೆ ಉಳಿದ ನಾಲ್ಕೂ ಕೊನೆವರೆಗೆ ಎಳೆದಾಡಿದವು. ಎರಡನೇ ಸುತ್ತಿನಲ್ಲಿ ಎದುರಿದ್ದದ್ದು ಹಿಂದಿನ ಎರಡು ವರ್ಷ ಕಪ್ ಗೆದ್ದು, ಟೂರ್ನಿಯಲ್ಲಿ ಸತತ 13 ಪಂದ್ಯ ಗೆದ್ದಿದ್ದ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ). ಗೆಲುವು 77-75. ಕ್ಲೇಟನ್‌ಗೆ 23.

ಎಂಟರ ಘಟ್ಟದಲ್ಲಿ ಟೆಕ್ಸಸ್ ಟೆಕ್. ಸುಮಾರು ಮೂರು ನಿಮಿಷ ಉಳಿದಿದ್ದಾಗ ಫ್ಲೋರಿಡಾ 75-66ರಲ್ಲಿ ಹಿಂದೆ. ಅಲ್ಲಿಂದ ಥಾಮಸ್ ಹಾ ಬೆನ್ನುಬೆನ್ನಿಗೆ ಎರಡು ಮೂರಂಕದ ಬುಟ್ಟಿ ಹಾಕಿದ. ಆ ಹೊತ್ತಲ್ಲಿ ಟೆಕ್ ಆಟಗಾರರು ಫ್ರೀ ಥ್ರೋಗಳನ್ನು ಕೈಚೆಲ್ಲಿದರು. ಮುಂದಿರುವ ತಂಡವನ್ನು ಫೌಲ್ ಮಾಡಿ ಗೆರೆಗೆ ಕಳಿಸುವುದು ಹುಚ್ಚು ಧೈರ್ಯದಂತೆ ಕಾಣುತ್ತದೆ, ಆದರೆ ಮೇಲೆ ಕಂಡ ಲೆಕ್ಕದಲ್ಲಿ ಅದು ಅಂಥ ಕೆಟ್ಟ ವ್ಯಾಪಾರವಲ್ಲ: ಎದುರಾಳಿಗೆ ಹೆಚ್ಚೆಂದರೆ ಎರಡು, ನಮಗೆ ಮೂರಂಕದ ಅವಕಾಶ, ಗಡಿಯಾರವೂ ನಿಂತಿರುತ್ತದೆ. ಉಳಿದ ಕೆಲಸ ಕ್ಲೇಟನ್ ಮುಗಿಸಿದ. ಅವನಿಗೆ 30, ಥಾಮಸ್ ಹಾ ಗಳಿಸಿದ್ದು 20 ಅಂಕ ಮತ್ತು 11 ರೀಬೌಂಡ್, ಪಂದ್ಯ 84-79.

ಆ ವರ್ಷ ಕೊನೆಯ ನಾಲ್ಕರಲ್ಲಿ ನಾಲ್ಕೂ ಅಗ್ರಶ್ರೇಯಾಂಕದ ತಂಡಗಳೇ ಇದ್ದವು: ಫ್ಲೋರಿಡಾ, ಆಬರ್ನ್, ಡ್ಯೂಕ್, ಹ್ಯೂಸ್ಟನ್. 2008ರ ನಂತರ ಹಾಗಾದದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಗೋಲ್ಡನ್ ಎದುರು ಅವರ ಹಳೆಯ ಗುರು ಬ್ರೂಸ್ ಪರ್ಲ್. ಅರ್ಧ ಮುಗಿದಾಗ ಆಬರ್ನ್ 46-38 ಮುಂದೆ. ಮುಗಿದಾಗ 79-73, ಫ್ಲೋರಿಡಾ ಕಡೆ. ಕ್ಲೇಟನ್‌ಗೆ 34. ಎಂಟರ ಘಟ್ಟ ಮತ್ತು ಸೆಮಿಫೈನಲ್ ಎರಡರಲ್ಲೂ 30 ದಾಟಿದ್ದು 1979ರ ಲ್ಯಾರಿ ಬರ್ಡ್ ನಂತರ ಇವನೇ.

ಇಲ್ಲಿ ಅದೃಷ್ಟದ ಪಾಲನ್ನೂ ಅಳೆದುಬಿಡೋಣ. ಆರು ಪಂದ್ಯಗಳಲ್ಲಿ ಗೆಲ್ಲುವ ಸಾಧ್ಯತೆ ಕ್ರಮವಾಗಿ ನೂರಕ್ಕೆ 99, 70, 75, 70, 55, 50 ಎಂದು ಊಹಿಸಿಕೊಳ್ಳಿ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು, ಆದರೆ ಒಂದು ಅಗ್ರ ತಂಡಕ್ಕೆ ಅಷ್ಟೇನೂ ಕಂಜೂಸು ಅಲ್ಲ. ಎಲ್ಲವನ್ನೂ ಗುಣಿಸಿದರೆ ನೂರಕ್ಕೆ ಹತ್ತು. ದೇಶದ ಅತ್ಯುತ್ತಮ ನಾಲ್ಕು ತಂಡಗಳಲ್ಲಿ ಒಂದಾಗಿದ್ದರೂ ಹತ್ತು ವರ್ಷಕ್ಕೊಮ್ಮೆ ಕಪ್. ಗೆದ್ದ ತಂಡದ ಪ್ರತಿ ನಿರ್ಧಾರವನ್ನೂ ಜಾಣತನ ಎನ್ನುವವರು, ಸೋತ ಟೆಕ್ಸಸ್ ಟೆಕ್‌ನ ಪ್ರತಿ ನಿರ್ಧಾರವನ್ನೂ ದಡ್ಡತನ ಎನ್ನುವವರು ಈ ಗುಣಾಕಾರವನ್ನು ಮರೆತಿರುತ್ತಾರೆ.

ಕೊನೆಯ 46 ಸೆಕೆಂಡ್

ಫೈನಲ್ ಹ್ಯೂಸ್ಟನ್ ಬಯಸಿದಂತೆಯೇ ನಡೆಯಿತು. ಕೆಲ್ವಿನ್ ಸ್ಯಾಂಪ್ಸನ್ ಕೋಚ್ ಆಗಿರುವ ಆ ತಂಡ ರಕ್ಷಣೆಗೆ ಹೆಸರಾದದ್ದು. ಚೆಂಡು ಹಿಡಿದವನಿಗೆ ಅವನ ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಡುವ ಹೊತ್ತಿಗೆ ಹ್ಯೂಸ್ಟನ್‌ನ ಇಬ್ಬರು ಒಟ್ಟಿಗೆ ಚೆಂಡಿನ ಮೇಲೆ ಬೀಳುತ್ತಾರೆ. ಚೆಂಡು ಬಿಟ್ಟುಕೊಡದೆ ಗತಿಯಿಲ್ಲ. ಕ್ಲೇಟನ್ ಮೊದಲಾರ್ಧದಲ್ಲಿ ಸೊನ್ನೆ. ಆದರೆ ಒಬ್ಬನ ಮೇಲೆ ಇಬ್ಬರು ಬಿದ್ದರೆ ಉಳಿದ ನಾಲ್ವರನ್ನು ಮೂವರು ಕಾಯಬೇಕು. ಆ ಬಿಟ್ಟುಹೋದವನು ರಿಚರ್ಡ್. ಅವನ 18 ಅಂಕಗಳಲ್ಲಿ 14 ಮೊದಲಾರ್ಧದಲ್ಲೇ ಬಂದವು, ಅದರಿಂದಾಗಿ ಅರ್ಧ ಮುಗಿದಾಗ ಅಂತರ 31-28ರಲ್ಲಿ ಉಳಿಯಿತು. ಮೂರು ವರ್ಷ ತಂಡದಲ್ಲಿ ಇರಿಸಿಕೊಂಡಿದ್ದಕ್ಕೆ ಸಿಕ್ಕ ಫಲ ಎಂದರೆ ಇದೇ. ಎರಡನೇ ಅರ್ಧದ ಆರಂಭದಲ್ಲಿ ಹ್ಯೂಸ್ಟನ್ 42-30ಕ್ಕೆ, ಅಂದರೆ 12 ಅಂಕ ಮುಂದೆ ಹೋಯಿತು. ಅಲ್ಲಿಂದ ಕ್ಲೇಟನ್ ಎಚ್ಚೆತ್ತು 11 ಅಂಕ ಗಳಿಸಿದ.

46 ಸೆಕೆಂಡ್ ಉಳಿದಿದ್ದಾಗ ಮಾರ್ಟಿನ್ ಎರಡು ಫ್ರೀ ಥ್ರೋ ಹಾಕಿ 64-63 ಮಾಡಿದ. ಮುಂದಿನ ದಾಳಿಯಲ್ಲಿ ಹ್ಯೂಸ್ಟನ್‌ನ ಎಮಾನುಯೆಲ್ ಶಾರ್ಪ್ ಒಳನುಗ್ಗುವಾಗ ರಿಚರ್ಡ್ ಕೈಹಾಕಿದ, ಚೆಂಡು ಗೆರೆ ದಾಟಿ ಫ್ಲೋರಿಡಾ ಪಾಲಾಯಿತು. ಡೆನ್ಜೆಲ್ ಅಬರ್ಡೀನ್‌ಗೆ ಎರಡು ಫ್ರೀ ಥ್ರೋ ಸಿಕ್ಕವು, ಒಂದು ಬಿತ್ತು. 65-63, ಉಳಿದದ್ದು 19 ಸೆಕೆಂಡ್.

ಇನ್ನು ಹ್ಯೂಸ್ಟನ್‌ನ ಕೊನೆಯ ದಾಳಿ. ಚೆಂಡು ಮೂರಂಕದ ಗೆರೆಯ ಹೊರಗಿದ್ದ ಶಾರ್ಪ್‌ಗೆ ಬಂತು. ಅವನು ಎಸೆಯಲು ನೆಗೆದ. ಅಷ್ಟರಲ್ಲಿ ಕ್ಲೇಟನ್ ಓಡಿಬಂದು ಎರಡೂ ಕೈ ಎತ್ತಿ ಎದುರು ಹಾರಿದ. ಎಸೆದರೆ ಚೆಂಡು ಕ್ಲೇಟನ್ ಕೈಗೆ ಬಡಿಯುತ್ತದೆ. ಎಸೆಯದೆ ಚೆಂಡು ಹಿಡಿದೇ ನೆಲಕ್ಕಿಳಿದರೆ ಟ್ರಾವೆಲ್ ಎಂಬ ತಪ್ಪು, ಚೆಂಡು ಎದುರಾಳಿಯ ಪಾಲು. ಗಾಳಿಯಲ್ಲಿದ್ದಾಗಲೇ ಶಾರ್ಪ್ ಚೆಂಡನ್ನು ಕೆಳಗೆ ಬಿಟ್ಟ. ಬಿಟ್ಟ ಮೇಲೆ ತಾನೇ ಮೊದಲು ಮುಟ್ಟಿದರೂ ತಪ್ಪೇ ಆಗುತ್ತದೆ. ಹಾಗಾಗಿ ಕಣ್ಣೆದುರು ಚೆಂಡು ಪುಟಿಯುತ್ತಿದ್ದರೂ ಅವನು ಕೈ ಹಿಂದೆಳೆದುಕೊಂಡು ನಿಂತ, ಜೊತೆಗಾರ ಯಾರಾದರೂ ಬರಲಿ ಎಂದು. ಬಂದದ್ದು ಕಾಂಡನ್. ನೆಲಕ್ಕೆ ಬಿದ್ದು ಚೆಂಡನ್ನು ಅಪ್ಪಿಕೊಂಡ, ಸಮಯ ಮುಗಿಯಿತು. ಹ್ಯೂಸ್ಟನ್‌ನಿಂದ ಒಂದು ಎಸೆತವೂ ಹೊರಡಲಿಲ್ಲ.

ಕ್ಲೇಟನ್ ಮಾಡಿದ್ದರಲ್ಲಿ ಗಮನಿಸಬೇಕಾದದ್ದು ಅವನು ಮೈಗೆ ತಾಗದೆ ಹಾರಿದ ರೀತಿ. ಮೂರಂಕದ ಎಸೆತದ ಮೇಲೆ ಫೌಲ್ ಆದರೆ ಮೂರು ಫ್ರೀ ಥ್ರೋ, ಎರಡು ಅಂಕದ ಮುನ್ನಡೆಗೆ ಅದು ಸಾವು. ದಣಿದ ಕಾಲಿನಲ್ಲಿ ತಡವಾಗಿ ಹೊರಟವನು ಸಾಮಾನ್ಯವಾಗಿ ಎದುರಾಳಿಯ ಮೇಲೇ ಹೋಗಿ ಬೀಳುತ್ತಾನೆ. ಇವನು ಹಾರಿದ ಕೋನ, ನಿಲ್ಲಿಸಿಕೊಂಡ ದೂರ ಎರಡೂ ಸರಿಯಿದ್ದವು. ದಾಳಿಗೆ ಹೆಸರಾದ ತಂಡ ಕಪ್ ಗೆದ್ದದ್ದು ತನ್ನ ಸರಾಸರಿಗಿಂತ ಇಪ್ಪತ್ತು ಅಂಕ ಕಡಿಮೆ ಗಳಿಸಿ, ಎದುರಾಳಿಯ ಆಟವನ್ನೇ ಆಡಿ.

ದುಡ್ಡು ಮತ್ತು ನಿಯಮ

2021ರವರೆಗೆ ಕಾಲೇಜು ಬದಲಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಆ ವರ್ಷ ಒಂದು ಸಲ ಬದಲಿಸಲು ವಿನಾಯಿತಿ ಬಂತು. 2024ರ ಏಪ್ರಿಲ್‌ನಿಂದ, ಓದಿನಲ್ಲಿ ಹಿಂದೆ ಬೀಳದಿದ್ದರೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. ಇದರ ಮೇಲೆ ಕೋವಿಡ್‌ನ 2020-21ರ ಸೀಸನ್ ಅರ್ಹತೆಯ ಲೆಕ್ಕಕ್ಕೆ ಬಾರದ್ದರಿಂದ ಆಗ ಆಡಿದವರಿಗೆ ಒಂದು ವರ್ಷ ಹೆಚ್ಚು ಸಿಕ್ಕಿತು. ಮಾರ್ಟಿನ್ ಐದನೇ ವರ್ಷ ಆಡಿದ್ದು ಹಾಗೆ. 2024-25 ಆ ಹೆಚ್ಚುವರಿ ವರ್ಷದ ಬಾಲ. ಪ್ರಾಯಕ್ಕೆ ಬಂದ ಗಾರ್ಡ್‌ಗಳು ಇಷ್ಟು ಸುಲಭವಾಗಿ ಇನ್ನು ಸಿಗುವುದಿಲ್ಲ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಕಾಲೇಜು ಆಟಗಾರರು ತಮ್ಮ ಪಾಲಿನ ಹಣಕ್ಕಾಗಿ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಮುಂದಕ್ಕೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, 2025-26ರಲ್ಲಿ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್, ಎಲ್ಲ ಆಟಗಳೂ ಸೇರಿ. ಅಮೆರಿಕನ್ ಫುಟ್‌ಬಾಲ್ ದೊಡ್ಡದಾಗಿರುವ ಕಾಲೇಜುಗಳಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ನೂರಕ್ಕೆ 15 ಎಂದು ಹಿಡಿದರೆ ಸುಮಾರು 30 ಲಕ್ಷ ಡಾಲರ್. ಫುಟ್‌ಬಾಲ್‌ನ ಹೊರೆ ಇಲ್ಲದ ಕಾಲೇಜು ಅದೇ ಮಿತಿಯೊಳಗೆ ಬ್ಯಾಸ್ಕೆಟ್‌ಬಾಲ್‌ಗೆ ಇದರ ಎರಡು ಮೂರು ಪಟ್ಟು ಸುರಿಯಬಹುದು. ಫ್ಲೋರಿಡಾದಂಥ ಫುಟ್‌ಬಾಲ್ ಊರಿಗೆ ಇದು ಅನುಕೂಲದ ನಿಯಮವಲ್ಲ. ಹೊರಗಿನ ಜಾಹೀರಾತು ಒಪ್ಪಂದಗಳೂ 600 ಡಾಲರ್ ದಾಟಿದರೆ ಈಗ ಪರಿಶೀಲನೆಗೆ ಹೋಗಬೇಕು.

ಗೆದ್ದರೆ ಕಾಲೇಜಿಗೆ ಬಹುಮಾನ ಬರುವುದಿಲ್ಲವೇ ಎಂದು ಕೇಳಬಹುದು. ಟೂರ್ನಿಯಲ್ಲಿ ಆಡಿದ ಪ್ರತಿ ಪಂದ್ಯಕ್ಕೆ ಒಂದು ಯೂನಿಟ್ (ಟೂರ್ನಿಯ ಹಣದಲ್ಲಿ ಒಂದು ಪಾಲು), ಫೈನಲ್‌ಗೆ ಇಲ್ಲ. ಒಂದು ಯೂನಿಟ್ಟಿನ ಬೆಲೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್, ಅದೂ ಹೋಗುವುದು ಕಾನ್ಫರೆನ್ಸ್‌ಗೆ. ಫ್ಲೋರಿಡಾ ಗಳಿಸಿದ ಐದು ಯೂನಿಟ್ ಎಸ್‌ಇಸಿಯ ಎಲ್ಲರಿಗೂ ಹಂಚಿಹೋಗುತ್ತದೆ.

ಇನ್ನೊಂದು ತೊಡಕು ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದಲ್ಲಿ ಓದುವ ವಿದೇಶಿ ಆಟಗಾರರು ಸಾಮಾನ್ಯವಾಗಿ ಬೆಂಗಳೂರು, ಮೈಸೂರಿನ ಹುಡುಗರು ಎಂ.ಎಸ್. ಓದಲು ಹೋಗುವ ಅದೇ ಎಫ್-1 ವೀಸಾದಲ್ಲಿ ಇರುತ್ತಾರೆ. ಓದಿನ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಹೊರಗೆ ದುಡಿಯಲು ಕಟ್ಟುನಿಟ್ಟು. ಜಾಹೀರಾತಿಗೆ ನಿಂತರೆ ಅದು ದುಡಿಮೆಯೇ? ಕಾಲೇಜು ನೇರ ಕೊಡುವ ಹಣ ಸಂಬಳವೇ? ಸ್ಪಷ್ಟ ಉತ್ತರ ಸಿಗದೆ ಅನೇಕರು ರಜೆಯಲ್ಲಿ ತಾಯ್ನಾಡಿಗೆ ಹೋಗಿ ಜಾಹೀರಾತು ಚಿತ್ರೀಕರಣ ಮುಗಿಸಿಬರುತ್ತಾರೆ. ವಿದೇಶಿ ಎತ್ತರದವರನ್ನು ನೆಚ್ಚುವ ತಂಡಗಳು ತಲೆಕೆಡಿಸಿಕೊಳ್ಳಬೇಕಾದ ವಿಷಯ ಇದು.

ತಂಡ ಉಳಿಸಿಕೊಳ್ಳುವ ಕಷ್ಟ ಕಪ್ ಗೆಲ್ಲುವ ಮೊದಲೇ ಶುರುವಾಗಿತ್ತು. 2025ರಲ್ಲಿ ಕಾಲೇಜು ಬದಲಿಸುವ ಕಿಟಕಿ ತೆರೆದದ್ದು ಮಾರ್ಚ್ 24ರಂದು, ಫೈನಲ್‌ಗೆ ಎರಡು ವಾರ ಮುಂಚೆ. ಹದಿನಾರರ ಘಟ್ಟದ ತಯಾರಿಯಲ್ಲಿದ್ದ ಕೋಚ್ ಅದೇ ವಾರ ಮುಂದಿನ ವರ್ಷದ ಗಾರ್ಡ್‌ಗೆ ಫೋನ್ ಮಾಡಬೇಕಿತ್ತು. ಮೊದಲೇ ಸೋತು ಮನೆಗೆ ಹೋದವರು ಆ ಹೊತ್ತಿಗೆ ಒಳ್ಳೆಯವರನ್ನು ಆರಿಸಿಕೊಂಡಿರುತ್ತಿದ್ದರು.

ಕ್ಲೇಟನ್, ಮಾರ್ಟಿನ್, ರಿಚರ್ಡ್ ಮೂವರನ್ನೂ ಆ ಜೂನ್‌ನ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಸಭೆ) ಆರಿಸಿಕೊಂಡರು, ಕ್ಲೇಟನ್ 18ನೆಯವನಾಗಿ. ಅಬರ್ಡೀನ್ ಕೆಂಟಕಿಗೆ ಹೋದ, ಅಲೆಕ್ಸಿಸ್ ಇಂಡಿಯಾನಾಗೆ. ಕಾಂಡನ್, ಹಾ, ಚಿನ್ಯೆಲು, ಹ್ಯಾಂಡ್‌ಲಾಗ್ಟನ್ ನಾಲ್ವರೂ ಉಳಿದರು, ಈ ಕಾಲದಲ್ಲಿ ಅದೇ ದೊಡ್ಡದು. ಗಾರ್ಡ್‌ಗಳ ಜಾಗಕ್ಕೆ ಅರ್ಕಾನ್ಸಾಸ್‌ನಿಂದ ಬೂಗಿ ಫ್ಲ್ಯಾಂಡ್, ಪ್ರಿನ್ಸ್‌ಟನ್‌ನಿಂದ ಜೇವಿಯನ್ ಲೀ ಬಂದರು. ಒಂದು ವರ್ಷದಲ್ಲಿ ತಂಡ ತಿರುಗುಮುರುಗಾಯಿತು: ಅನುಭವವೆಲ್ಲ ಬುಟ್ಟಿಯ ಕೆಳಗೆ, ಹೊಸಬರೆಲ್ಲ ಚೆಂಡು ಹಿಡಿಯುವ ಜಾಗದಲ್ಲಿ. ರೀಬೌಂಡ್ ಹಿಡಿಯುವುದು ತಕ್ಷಣ ಹೊಂದಿಕೊಳ್ಳುವ ಕೆಲಸ. ಇಬ್ಬರು ಮೈಮೇಲೆ ಬಿದ್ದಾಗ ಬಿಟ್ಟುಹೋದ ನಾಲ್ಕನೆಯವನು ಎಲ್ಲಿರುತ್ತಾನೆ ಎಂದು ನೋಡದೆಯೇ ತಿಳಿಯಲು ಒಟ್ಟಿಗೆ ಆಡಿದ ವರ್ಷಗಳೇ ಬೇಕು. 2025ರ ನವೆಂಬರ್ 3ರಂದು ಲಾಸ್ ವೇಗಸ್‌ನಲ್ಲಿ ಆಡಿದ ಹೊಸ ಸೀಸನ್ನಿನ ಮೊದಲ ಪಂದ್ಯವನ್ನೇ ಹಾಲಿ ಚಾಂಪಿಯನ್ನರು ಅರಿಜೋನಾ ಎದುರು 93-87ರಲ್ಲಿ ಸೋತರು.